ದಿನನಿತ್ಯದ ಬಾಳಿನಲ್ಲಿ ದೇವರ ಒಡನಾಟ

(ಶತಮಾನೋತ್ಸವದ ಪೂರ್ವಸಿದ್ಧತೆಗಾಗಿ ನಮ್ಮ ದೇವಾಲಯದಲ್ಲಿ ಜರುಗಿದ ಮೂರು ದಿನಗಳ ಧ್ಯಾನಕೂಟದ ಕೊನೆಯ ಸಂಜೆ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ನಮ್ಮ ಈ ದೇವಾಲಯಕ್ಕೆ ನೂರು ವರುಷಗಳು ತುಂಬಿದ ಶುಭಸಂದರ್ಭದಲ್ಲಿ ನಾವಿದ್ದೇವೆ. ಕಳೆದ ಹಲವು ತಿಂಗಳುಗಳಿಂದ ನೀವೆಲ್ಲರೂ ತನು ಮನ ಧನಗಳಿಂದ ದುಡಿದಿದ್ದೀರಿ. ಗೋಡೆಗಳಿಗೆ ಸುಣ್ಣಬಣ್ಣವಾಯಿತು, ಗೋಪುರದ ಬಿರುಕು ಮುಚ್ಚಿತು, ತೇರಿಗೆ ಹೊಸ ಚಕ್ರಗಳು ಬಂದವು. ಕೂಲಿಯಿಂದ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು ತಂದುಕೊಟ್ಟವರು ನಮ್ಮಲ್ಲಿದ್ದಾರೆ. ಅದನ್ನು ದೇವರು ಬಲ್ಲರು. ಆದರೆ ಈ ಸಡಗರದ ನಡುವೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ನಮ್ಮ ಹಿರಿಯರು ಹೊಟ್ಟೆ ಬಟ್ಟೆ ಕಟ್ಟಿ ಈ ದೇವಾಲಯವನ್ನು ಏತಕ್ಕಾಗಿ ನಿರ್ಮಿಸಿದರು? ದೇವರನ್ನು ಇದರೊಳಗೆ ಇರಿಸಿ, ವಾರಕ್ಕೊಮ್ಮೆ ಬಂದು ಕಂಡು, ಬಾಗಿಲೆಳೆದುಕೊಂಡು ಹೋಗಲೆಂದೇ? ಇಲ್ಲಿ ಹೊತ್ತಿಸಿಕೊಂಡ ದೀಪವನ್ನು ಮನೆಗೆ, ಹೊಲಕ್ಕೆ, ಕಾರ್ಖಾನೆಗೆ ಕೊಂಡೊಯ್ಯಲೆಂದೇ ಅವರು ಕಟ್ಟಿದರೆಂದು ನಾನು ನಂಬುತ್ತೇನೆ. ಆದುದರಿಂದ ಈ ಕೊನೆಯ ಸಂಜೆ, ದಿನನಿತ್ಯದ ಬಾಳಿನಲ್ಲಿ ದೇವರೊಡನೆ ನಮಗಿರುವ ಸಂಬಂಧವನ್ನು ಆಳವಾಗಿಸಿಕೊಳ್ಳುವುದು ಹೇಗೆಂಬ ಒಂದೇ ವಿಷಯವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಪರಿಚಯವೂ ಒಡನಾಟವೂ

ದೇವರ ವಿಷಯವಾಗಿ ತಿಳಿದಿರುವುದು ಒಂದು. ದೇವರೊಡನೆ ಬಾಳುವುದು ಮತ್ತೊಂದು. ಒಂದೇ ರೇಷನ್ ಕಾರ್ಡಿನಲ್ಲಿ ಹೆಸರಿರುವವರೆಲ್ಲರೂ ಒಬ್ಬರೊಡನೊಬ್ಬರು ಮಾತನಾಡುತ್ತಾರೆಂದು ಹೇಳಲಾಗದು. ಒಂದೇ ಸೂರಿನಡಿ ಉಂಡು ಮಲಗಿ, ತಿಂಗಳುಗಟ್ಟಲೆ ಮಾತಿಲ್ಲದೆ ಬಾಳುವ ಅಣ್ಣತಮ್ಮಂದಿರನ್ನೂ ಗಂಡಹೆಂಡಿರನ್ನೂ ನಾವು ಕಂಡಿದ್ದೇವೆ. ಹಾಗೆಯೇ ನಮ್ಮೆಲ್ಲರ ಹೆಸರುಗಳೂ ಈ ಧರ್ಮಕೇಂದ್ರದ ಜ್ಞಾನಸ್ನಾನದ ದಫ್ತರಿನಲ್ಲಿವೆ. ನಾವು ದೇವರ ಮಕ್ಕಳೆಂಬುದಕ್ಕೆ ಅದು ದಾಖಲೆ. ಆ ತಂದೆಯೊಡನೆ ನಾವು ಇಂದು ಮಾತನಾಡಿದೆವೇ ಎಂಬುದನ್ನು ಆ ದಫ್ತರು ಹೇಳಲಾರದು.

ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಸಮಾರಿಯದ ಸ್ತ್ರೀಯನ್ನು ನೆನೆಯಿರಿ. ಆಕೆ ಅಂದು ದೇವರನ್ನು ಅರಸಿ ಹೊರಟವಳಲ್ಲ. ಮನೆಗೆ ನೀರು ಬೇಕಾಗಿತ್ತು. ಕೊಡ ಹಿಡಿದು ಬಾವಿಗೆ ಬಂದಳು. ಹೊತ್ತು ನಡುಹಗಲು. ದಣಿದು ಬಾವಿಯ ಬಳಿ ಕುಳಿತಿದ್ದ ಯೇಸುಸ್ವಾಮಿಯವರು ತಾವಾಗಿಯೇ ಆಕೆಯಲ್ಲಿ ಕುಡಿಯಲು ನೀರು ಕೇಳಿದರು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮಾತನ್ನು ಮೊದಲು ಆರಂಭಿಸಿದವರು ಪ್ರಭುವೇ. ನಾವು ಪ್ರಾರ್ಥಿಸಬೇಕೆಂದು ಯೋಚಿಸುವುದಕ್ಕೆ ಮುಂಚೆಯೇ ಅವರು ನಮಗಾಗಿ ಕಾದಿರುತ್ತಾರೆ. ಎರಡನೆಯದಾಗಿ, ಆಕೆಯನ್ನು ಅವರು ಸಂಧಿಸಿದ್ದು ದಿನವೂ ನೀರು ತರುವ ಹಾದಿಯಲ್ಲಿ. ಆಕೆಯ ಬದುಕಿನ ಕಹಿಯೂ, ಮುಚ್ಚಿಟ್ಟ ಸಂಗತಿಗಳೂ ಆ ಬಾವಿಯ ಕಟ್ಟೆಯ ಬಳಿಯೇ ಹೊರಬಂದವು. ಆಕೆಯಾದರೋ ತಂದಿದ್ದ ಕೊಡವನ್ನು ಅಲ್ಲಿಯೇ ಬಿಟ್ಟು ಊರವರನ್ನು ಕರೆಯಲು ಹೋದಳು. ನಮ್ಮ ಬಾವಿ ಯಾವುದು? ಅಡುಗೆಮನೆಯೋ, ಹಿಪ್ಪುನೇರಳೆಯ ತೋಟವೋ, ಹಾಲಿನ ಡೈರಿಯೋ, ಬಟ್ಟೆ ಹೊಲಿಯುವ ಕಾರ್ಖಾನೆಯೋ, ಅಲ್ಲಿಯೇ ಅವರು ಕುಳಿತಿದ್ದಾರೆ.

ಮನೆಗಳನ್ನು ಆಶೀರ್ವದಿಸಲು ಬಂದಾಗಲೆಲ್ಲಾ ನಾನು ಪ್ರಾರ್ಥನೆಯ ವಿಷಯವಾಗಿ ವಿಚಾರಿಸುವುದುಂಟು. ಆಗ ನೀವು ಹೇಳುವ ಮಾತುಗಳು ಬಹುಮಟ್ಟಿಗೆ ಮೂರು. ಸಮಯವಿಲ್ಲ ಎಂಬುದು ಮೊದಲನೆಯದು. ಮನಸ್ಸು ನಿಲ್ಲುವುದಿಲ್ಲ ಎಂಬುದು ಎರಡನೆಯದು. ದೇವರು ಕೇಳಲಿಲ್ಲ ಎಂಬುದು ಮೂರನೆಯದು; ಇದನ್ನು ಕೆಲವರೇ, ಅದೂ ಮೆಲುದನಿಯಲ್ಲಿ ಹೇಳುತ್ತಾರೆ. ಈ ಮೂರನ್ನೂ ನಾನು ನೆಪಗಳೆಂದು ತಳ್ಳಿಹಾಕುವವನಲ್ಲ. ಒಂದೊಂದನ್ನಾಗಿ ನೋಡೋಣ.

ಸಮಯವಿಲ್ಲ ಎಂಬ ಮಾತು

ನಾನು ಬಾಲಕನಾಗಿದ್ದಾಗ ಸಂಜೆ ಏಳರ ಗಂಟೆ ಬಾರಿಸಿತೆಂದರೆ ಮನೆಯವರೆಲ್ಲರೂ ದೀಪದ ಮುಂದೆ ಮೊಣಕಾಲೂರಬೇಕಾಗಿತ್ತು. ಇಂದು ಏಳು ಗಂಟೆಗೆ ನಮ್ಮ ಎಷ್ಟು ಮನೆಗಳಲ್ಲಿ ಎಲ್ಲರೂ ಇರುತ್ತಾರೆ? ತಾಯಿ ಬೆಳಗಿನ ಐದಕ್ಕೆ ಎದ್ದು, ಹಸು ಕರೆದು, ಡೈರಿಗೆ ಹಾಲು ಹಾಕಿ, ಡಬ್ಬಿಗೆ ಅನ್ನ ತುಂಬಿಕೊಂಡು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ. ಅವಳು ಮರಳುವ ಹೊತ್ತಿಗೆ ಮಗನು ರಾತ್ರಿ ಪಾಳಿಗೆ ಹೊರಟಿರುತ್ತಾನೆ. ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿ. ಇಂತಹ ಮನೆಗೆ ಹೋಗಿ, ಹಿಂದಿನವರಂತೆ ಸಂಜೆ ಏಳಕ್ಕೆ ಎಲ್ಲರೂ ಕೂಡಿ ಐವತ್ತು ಮಣಿಗಳ ಜಪಸರ ಹೇಳಿರೆಂದು ಗದರಿದರೆ ಫಲವೇನು?

ಇಲ್ಲಿ ನಮಗೆ ಒಬ್ಬ ಸಾಮಾನ್ಯ ಮಠವಾಸಿಯ ಬಾಳು ದಾರಿ ತೋರಿಸುತ್ತದೆ. 17ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ನಿಕೊಲಾಸ್ ಹರ್ಮನ್ ಎಂಬ ಸೈನಿಕನಿದ್ದನು. ಯುದ್ಧದಲ್ಲಿ ಗಾಯಗೊಂಡು ಸೈನ್ಯ ತೊರೆದು, ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿ ಸಹೋದರ ಲಾರೆನ್ಸ್ ಎಂಬ ಹೆಸರು ಪಡೆದನು. ಆತನಿಗೆ ಮಠದ ಅಡುಗೆಮನೆಯ ಕೆಲಸ ವಹಿಸಲಾಯಿತು. ಅಡುಗೆಯ ಕೆಲಸವೆಂದರೆ ಆತನಿಗೆ ಸ್ವಭಾವತಃ ಆಗುತ್ತಿರಲಿಲ್ಲ. ಆದರೂ ಹಲವು ವರುಷ ಅದನ್ನೇ ಮಾಡಿದನು, ಮುಂದೆ ಚಪ್ಪಲಿ ಹೊಲಿಯುವ ಕೆಲಸಕ್ಕೆ ಬಂದನು, 1691ರಲ್ಲಿ ದೈವಾಧೀನನಾದನು. ಪಾತ್ರೆಗಳ ಸದ್ದಿನ ನಡುವೆ, ನಾಲ್ಕು ಮಂದಿ ನಾಲ್ಕು ಕಡೆಯಿಂದ ಕೂಗುತ್ತಿರುವಾಗಲೂ, ಪರಮಪ್ರಸಾದದ ಮುಂದೆ ಮೊಣಕಾಲೂರಿದಾಗ ಇರುವಂತೆಯೇ ದೇವರ ಸನ್ನಿಧಿಯಲ್ಲಿರಲು ಆತನು ಕಲಿತನು. ಅದು ಒಂದೇ ದಿನದಲ್ಲಿ ಬಂದುದಲ್ಲ. ಮರೆತಾಗಲೆಲ್ಲಾ ಕೊರಗದೆ ಮತ್ತೆ ದೇವರ ಕಡೆಗೆ ತಿರುಗುವುದನ್ನು ಅನೇಕ ವರ್ಷ ರೂಢಿ ಮಾಡಿಕೊಂಡುದರ ಫಲವದು. ಆತನ ಮಾತುಗಳನ್ನೂ ಪತ್ರಗಳನ್ನೂ ಆತನ ಮರಣಾನಂತರ ಕೂಡಿಸಿ ಪ್ರಕಟಿಸಿದ ಚಿಕ್ಕ ಪುಸ್ತಕವು ಮುನ್ನೂರು ವರುಷಗಳಿಗೂ ಮಿಗಿಲಾಗಿ ಲೋಕದಾದ್ಯಂತ ಓದಲ್ಪಡುತ್ತಿದೆ.

ಆತನಿಂದ ನಾವು ಕಲಿಯುವುದೇನು? ಇಲ್ಲದ ಸಮಯವನ್ನು ಹುಡುಕಿ ಸೋಲುವ ಬದಲು, ಇರುವ ಕೆಲಸಗಳಿಗೆ ಪ್ರಾರ್ಥನೆಯನ್ನು ಗಂಟುಹಾಕಬೇಕು. ಎದ್ದು ಕಾಲು ನೆಲಕ್ಕಿಡುವ ಮುನ್ನ ಒಂದು ಶಿಲುಬೆಯ ಗುರುತು. ಇಂದಿನ ದುಡಿಮೆ, ಇಂದಿನ ನೋವು, ಇಂದಿನ ನಗು ಎಲ್ಲವೂ ನಿಮ್ಮದು ಎಂದು ದೇವರಿಗೆ ನಮ್ಮ ಮಾತಿನಲ್ಲೇ ಒಪ್ಪಿಸುವುದು. ಕಣ್ಣು ತೆರೆದೊಡನೆ ಕೈ ಮೊಬೈಲಿಗೆ ಹೋಗುವುದು ಇಂದು ಎಲ್ಲರ ರೂಢಿ. ಕೈ ಮೊದಲು ಹಣೆಗೆ ಹೋಗಲಿ. ಬಸ್ಸಿನಲ್ಲಿ ಕುಳಿತಾಗ ಜಪಸರದ ಹತ್ತು ಮಣಿಗಳು. ಇದಕ್ಕೆ ಹಿಡಿಯುವ ಹೊತ್ತು ನಾಲ್ಕೈದು ನಿಮಿಷ. ಒಲೆ ಹೊತ್ತಿಸುವಾಗ ಆ ಊಟ ಉಣ್ಣುವವರಿಗಾಗಿ ಒಂದು ಮಾತು. ಇನ್ನು ತ್ರಿಕಾಲ ಪ್ರಾರ್ಥನೆ. ಮುಂಜಾನೆ, ನಡುಹಗಲು, ಸಂಜೆ ನಮ್ಮ ಗಂಟೆ ಬಾರಿಸುವುದು ಹೊತ್ತು ತಿಳಿಸಲಿಕ್ಕಲ್ಲ. ಗಡಿಯಾರಗಳು ಎಲ್ಲರ ಬಳಿಯೂ ಇವೆ. ದೇವರ ಪುತ್ರರು ಮಾನವರಾಗಿ ನಮ್ಮ ನಡುವೆ ಬಂದು ನೆಲೆಸಿದರೆಂಬುದನ್ನು ದಿನಕ್ಕೆ ಮೂರು ಸಲ ನೆನಪಿಸಲು ಅದು ಬಾರಿಸುತ್ತದೆ. ಗಂಟೆಯ ದನಿ ಕೇಳದಷ್ಟು ದೂರ ಹೋಗಿರುವ ಮಕ್ಕಳಿಗೆ ಹೇಳಿರಿ: ನಡುಹಗಲಿಗೆ ಮೊಬೈಲಿನಲ್ಲೇ ಒಂದು ಗಂಟೆ ಇಟ್ಟುಕೊಳ್ಳಲಿ.

ಇದರೊಡನೆ ಒಂದು ಎಚ್ಚರಿಕೆಯ ಮಾತು. ಕೆಲಸವೇ ಪ್ರಾರ್ಥನೆಯಲ್ಲವೇ ಸ್ವಾಮಿ ಎಂದು ಕೆಲವರು ಕೇಳುತ್ತಾರೆ. ಕೆಲಸವು ಪ್ರಾರ್ಥನೆಯಾಗಬಲ್ಲುದು, ನಿಜ. ಆದರೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ಕೆಲಸವನ್ನು ಬದಿಗಿಟ್ಟು ದೇವರ ಮುಂದೆ ಕುಳಿತವನ ಕೆಲಸ ಮಾತ್ರವೇ ಹಾಗಾಗುತ್ತದೆ. ಜನಜಂಗುಳಿಯ ನಡುವೆ ಬಿಡುವಿಲ್ಲದೆ ದುಡಿದ ಯೇಸುಸ್ವಾಮಿಯವರು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಸಂತ ಮಾರ್ಕರು ತಮ್ಮ ಮೊದಲ ಅಧ್ಯಾಯದಲ್ಲೇ ತಿಳಿಸುತ್ತಾರೆ. ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷಕ್ಕೆ ನಿಗದಿಯಾದ ವೇಳೆಯೂ ಜಾಗವೂ ಇರಲಿ.

ಮನಸ್ಸು ನಿಲ್ಲುವುದಿಲ್ಲ ಎಂಬ ಮಾತು

ಎರಡನೆಯ ಮಾತು ಇದಕ್ಕಿಂತಲೂ ಕಠಿಣ. ಕುಳಿತೊಡನೆ ಸಾಲದ ಕಂತು ನೆನಪಾಗುತ್ತದೆ, ಮಗಳ ಮದುವೆ ನೆನಪಾಗುತ್ತದೆ, ಇಲ್ಲವೇ ನಿದ್ರೆ ಬರುತ್ತದೆ. ತುಟಿ ಜಪ ಮಾಡುತ್ತದೆ, ಮನಸ್ಸು ಸಂತೆಯಲ್ಲಿರುತ್ತದೆ. ಏನೂ ಅನ್ನಿಸುವುದಿಲ್ಲ, ಇಂತಹ ಪ್ರಾರ್ಥನೆಯಿಂದೇನು ಪ್ರಯೋಜನವೆಂದು ಬಿಟ್ಟುಬಿಟ್ಟವರಿದ್ದಾರೆ.

ನಮ್ಮಲ್ಲಿ ಬಹುಮಂದಿ ರೇಷ್ಮೆ ಹುಳು ಸಾಕಿದವರು. ನಿಮ್ಮನ್ನೇ ಕೇಳುತ್ತೇನೆ: ಮನಸ್ಸು ಬಂದಾಗ ಮಾತ್ರ ಹುಳುವಿಗೆ ಸೊಪ್ಪು ಹಾಕುತ್ತೀರಾ? ಮೈಗೆ ಹುಷಾರಿಲ್ಲದಿದ್ದರೂ, ಮನೆಗೆ ನೆಂಟರು ಬಂದಿದ್ದರೂ, ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಲೇಬೇಕು. ಆ ಹೊತ್ತಿನಲ್ಲಿ ನಿಮಗೆ ಉತ್ಸಾಹವಿತ್ತೇ ಬೇಸರವಿತ್ತೇ ಎಂದು ಹುಳು ಕೇಳುವುದಿಲ್ಲ. ಹೊತ್ತಿಗೆ ಸೊಪ್ಪು ಕಂಡ ಹುಳು ಮಾತ್ರ ಗೂಡು ಕಟ್ಟುತ್ತದೆ. ಪ್ರಾರ್ಥನೆಯೂ ಹೀಗೆಯೇ. ಅದರ ಬೆಲೆಯನ್ನು ಆ ಗಳಿಗೆಯ ಭಾವನೆಯಿಂದ ಅಳೆಯಲಾಗದು; ನಿಷ್ಠೆಯಿಂದ ಅಳೆಯಬೇಕು.

ಮತ್ತೊಂದನ್ನೂ ನೀವು ಬಲ್ಲಿರಿ. ಹುಳು ಜ್ವರಕ್ಕೆ ಕೂತಾಗ ತಿನ್ನುವುದಿಲ್ಲ, ಅಲುಗುವುದಿಲ್ಲ, ತಲೆಯೆತ್ತಿಕೊಂಡು ಹಾಗೆಯೇ ಇರುತ್ತದೆ. ಅರಿಯದವರು ನೋಡಿದರೆ ಸತ್ತಿತೆಂದುಕೊಳ್ಳಬೇಕು. ಆದರೆ ಸಾಕಿದವನಿಗೆ ಗೊತ್ತು, ಹಳೆಯ ಚರ್ಮದೊಳಗೆ ಹೊಸ ಚರ್ಮ ಮೂಡುತ್ತಿದೆಯೆಂದು. ಅವನು ಗಾಬರಿಯಾಗಿ ತಟ್ಟೆಯನ್ನು ತಿಪ್ಪೆಗೆ ಸುರಿಯುವುದಿಲ್ಲ, ತಾಳ್ಮೆಯಿಂದ ಕಾಯುತ್ತಾನೆ. ನಾಲ್ಕು ಸಲ ಹೀಗೆ ಜ್ವರಕ್ಕೆ ಕೂತು ಎದ್ದ ಹುಳುವೇ ಕೊನೆಗೆ ಚಂದ್ರಿಕೆಗೆ ಹೋಗುವುದು. ಪ್ರಾರ್ಥನೆಯಲ್ಲಿ ಏನೂ ಅನ್ನಿಸದ ದಿನಗಳು, ಕೆಲವೊಮ್ಮೆ ವರುಷಗಳು, ಎಲ್ಲರಿಗೂ ಬರುತ್ತವೆ. ದೇವರು ಬಿಟ್ಟುಹೋದರೆಂಬುದಕ್ಕೆ ಅವು ಸಾಕ್ಷಿಯಲ್ಲ.

ಇದು ನಮ್ಮಂತಹ ಸಾಮಾನ್ಯರ ಕಷ್ಟ ಮಾತ್ರವೆಂದು ತಿಳಿಯಬೇಡಿರಿ. ಲಿಸಿಯದ ಸಂತ ತೆರೇಸಾ ಧ್ಯಾನದ ಹೊತ್ತಿನಲ್ಲಿ ನಿದ್ರೆ ಹೋಗುತ್ತಿದ್ದುದನ್ನು ತಾವೇ ಬರೆದಿಟ್ಟಿದ್ದಾರೆ. ಮಕ್ಕಳು ಎಚ್ಚರವಿದ್ದರೂ ನಿದ್ರಿಸುತ್ತಿದ್ದರೂ ತಂದೆತಾಯಿಗೆ ಅಚ್ಚುಮೆಚ್ಚೆಂಬ ಭರವಸೆಯಿಂದ ಅವರು ಧೈರ್ಯಗೆಡಲಿಲ್ಲ. 1896ರ ಪಾಸ್ಕ ಹಬ್ಬದಿಂದ 1897ರಲ್ಲಿ ತಮ್ಮ 24ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ವಿಶ್ವಾಸವನ್ನು ದಟ್ಟವಾದ ಕತ್ತಲೆ ಕವಿದಿತ್ತು. ಅದೇ ತೆರೇಸಾರನ್ನು 1997ರಲ್ಲಿ ಧರ್ಮಸಭೆಯು ತನ್ನ ಪಂಡಿತರ ಸಾಲಿಗೆ ಸೇರಿಸಿತು. ನಮ್ಮ ದೇಶದಲ್ಲೇ ಬಾಳಿ, 2016ರಲ್ಲಿ ಸಂತಪದವಿಗೇರಿದ ಕಲ್ಕತ್ತೆಯ ಮದರ್ ತೆರೇಸಾರವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಲೋಕವೇ ಬೆರಗಾಯಿತು. ಬಡವರಲ್ಲಿ ಕ್ರಿಸ್ತರನ್ನು ಕಂಡು ಸೇವೆಗೈದ ಆ ತಾಯಿ ದಶಕಗಳ ಕಾಲ ತಮ್ಮ ಅಂತರಂಗದಲ್ಲಿ ದೇವರ ಇರವಿನ ಸವಿಯಿಲ್ಲದೆ ಬಾಳಿದ್ದರು. ಆದರೂ ಪರಮಪ್ರಸಾದದ ಮುಂದೆ ಕುಳಿತುಕೊಳ್ಳುವುದನ್ನು ಬಿಡಲಿಲ್ಲ. ರೋಗಿಗಳ ಬಳಿಗೆ ಹೋಗುವುದನ್ನೂ ಬಿಡಲಿಲ್ಲ.

ಮನಸ್ಸು ಓಡಿದಾಗ ಮಾಡಬೇಕಾದುದು ಸರಳ. ಓಡಿಹೋದ ಮನಸ್ಸನ್ನು ಬೈದು ಬಡಿಯುತ್ತಾ ಕೂರಬೇಡಿರಿ. ಅದು ಎಲ್ಲಿಗೆ ಓಡಿತೋ ಆ ಸಂಗತಿಯನ್ನೇ ದೇವರ ಮುಂದಿಡಿರಿ. ಸಾಲದ ಕಂತು ನೆನಪಾದರೆ ಆ ಸಾಲದ ಮಾತನ್ನೇ ತಂದೆಗೆ ಹೇಳಿರಿ. ಪಕ್ಕದವನ ಮೇಲಿನ ಸಿಟ್ಟು ನೆನಪಾದರೆ ಅವನ ಹೆಸರು ಹಿಡಿದು ಪ್ರಾರ್ಥಿಸಿರಿ. ನಮ್ಮನ್ನು ದೇವರಿಂದ ದೂರ ಒಯ್ಯುತ್ತಿದ್ದ ದಾರಿಯೇ ಆಗ ಅವರ ಕಡೆಗೆ ತಿರುಗುತ್ತದೆ.

ದೇವರು ಕೇಳಲಿಲ್ಲ ಎಂಬ ಮಾತು

ಮೂರನೆಯ ಮಾತನ್ನು ಹೇಳಲು ನನಗೂ ಸುಲಭವಲ್ಲ. ಹೆದ್ದಾರಿಯ ಅಪಘಾತದಲ್ಲಿ ಬೆಳೆದ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಕೆಲವು ತಿಂಗಳುಗಳ ನಂತರ ನನ್ನ ಬಳಿ ಬಂದು ಹೇಳಿದ ಮಾತನ್ನು ಅವರ ಅನುಮತಿ ಪಡೆದು, ಹೆಸರಿಲ್ಲದೆ ಇಲ್ಲಿ ಹೇಳುತ್ತಿದ್ದೇನೆ. “ಸ್ವಾಮಿ, ಮೂವತ್ತು ವರ್ಷ ಜಪಸರ ಬಿಟ್ಟವಳಲ್ಲ ನಾನು. ಅವನು ಗಾಡಿ ಹತ್ತಿದಾಗಲೆಲ್ಲಾ ದೇವಮಾತೆಯ ಕೈಗೇ ಒಪ್ಪಿಸುತ್ತಿದ್ದೆ. ಈಗ ಜಪಸರ ಮುಟ್ಟೋಕೆ ಕೈ ಬರೋದಿಲ್ಲ” ಎಂದರು.

ಅವರಿಗೆ ನಾನು ಕಾರಣಗಳನ್ನು ಹೇಳಲಿಲ್ಲ. ದೇವರಿಗೆ ಒಳ್ಳೆಯವರೇ ಬೇಕಾಗುತ್ತಾರೆ ಎಂಬಂತಹ ಮಾತುಗಳು ಸಾವಿನ ಮನೆಯಲ್ಲಿ ಬಹಳ ಕೇಳಿಬರುತ್ತವೆ; ಅವುಗಳಿಂದ ಯಾವ ತಾಯಿಯ ಹೊಟ್ಟೆಯ ಉರಿಯೂ ಆರಿದುದನ್ನು ನಾನು ಕಂಡಿಲ್ಲ. “ಜಪಸರ ಹಿಡಿಯಲು ಆಗದಿದ್ದರೆ ಹಿಡಿಯಬೇಡಿ, ತಾಯಿ. ಆದರೆ ನನಗೆ ಹೇಳಿದ ಈ ಮಾತನ್ನೇ ದೇವಾಲಯಕ್ಕೆ ಹೋಗಿ ದೇವರಿಗೂ ಹೇಳಿ” ಎಂದೆ. ಪವಿತ್ರ ಗ್ರಂಥವು ಅಂತಹ ಮಾತುಗಳಿಗೆ ಹೆದರುವುದಿಲ್ಲ. ಯೋಬನು ದೇವರೊಡನೆ ವಾದಿಸಿದನು. ನೂರೈವತ್ತು ಕೀರ್ತನೆಗಳಲ್ಲಿ ಅನೇಕವು ಗೋಳಾಟದ ಕೀರ್ತನೆಗಳು. ಅವುಗಳಲ್ಲಿ 88ನೆಯದಂತೂ ಸಾಂತ್ವನದ ಒಂದು ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಧರ್ಮಸಭೆಯು ಅದನ್ನು ತೆಗೆದುಹಾಕಲಿಲ್ಲ. ಗುರುಗಳೂ ಕನ್ಯಾಸ್ತ್ರೀಯರೂ ಪಠಿಸುವ ದೈನಂದಿನ ಪ್ರಾರ್ಥನೆಯಲ್ಲಿ ಶುಕ್ರವಾರದ ರಾತ್ರಿಗೆ ಅದನ್ನೇ ಇರಿಸಿದೆ. ದೇವರ ಮುಂದೆ ಅಳುವುದೂ, ಏಕೆಂದು ಕೇಳುವುದೂ, ಮಾತಿಲ್ಲದೆ ಕೂರುವುದೂ ಪ್ರಾರ್ಥನೆಯೇ. ಮುಖ ತಿರುಗಿಸಿಕೊಂಡು ಮಾತು ಬಿಡುವುದೊಂದೇ ಸಂಬಂಧವನ್ನು ಒಣಗಿಸುತ್ತದೆ.

ಗೆತ್ಸೆಮನಿ ತೋಪಿನಲ್ಲಿ ದೇವಪುತ್ರರೇ ನೆಲಕ್ಕೆ ಬಿದ್ದು, ಆ ಯಾತನೆಯ ಪಾತ್ರೆ ತಮ್ಮಿಂದ ದೂರವಾಗಲೆಂದು ಬೇಡಿದರು. ಅದು ದೂರವಾಗಲಿಲ್ಲ. ಆದರೂ ಅವರ ಪ್ರಾರ್ಥನೆಯನ್ನು ದೇವರು ಆಲಿಸಿದರೆಂದೇ ಹಿಬ್ರಿಯರಿಗೆ ಬರೆದ ಪತ್ರ ಸಾರುತ್ತದೆ. ಆ ಆಲಿಸುವಿಕೆ ಮೂರನೆಯ ದಿನದ ಮುಂಜಾನೆ ಬೆಳಕಿಗೆ ಬಂತು. ನಮ್ಮ ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಎಷ್ಟು ಕಾಲವೆಂದು ನಾವರಿಯೆವು. ಆ ತಾಯಿ ಈಗ ಭಾನುವಾರದ ಪೂಜೆಯ ನಂತರ ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದು ಹೋಗುತ್ತಾರೆ. ಅವರ ದುಃಖ ಕಡಿಮೆಯಾಯಿತೆಂದು ನಾನು ಹೇಳಲಾರೆ. ಆದರೆ ಅವರು ಮಾತು ಬಿಟ್ಟಿಲ್ಲ. ಅಂತಹವರು ಯಾರಾದರೂ ಈ ಸಂಜೆ ಇಲ್ಲಿದ್ದರೆ, ನಿಮ್ಮ ಮೌನವನ್ನೂ ದೇವರು ಸ್ವೀಕರಿಸುತ್ತಾರೆಂದು ತಿಳಿಯಿರಿ.

ಬಲಿಪೀಠದಿಂದ ಮನೆಗೆ, ಮನೆಯಿಂದ ಬಲಿಪೀಠಕ್ಕೆ

ಇದುವರೆಗೂ ಹೇಳಿದುದೆಲ್ಲಕ್ಕೂ ಬೇರು ದಿವ್ಯ ಬಲಿಪೂಜೆ. ಕ್ರೈಸ್ತ ಜೀವನಕ್ಕೆ ಅದು ಒರತೆಯೂ ಹೌದು, ಶಿಖರವೂ ಹೌದು ಎಂಬುದು ಎರಡನೆಯ ವ್ಯಾಟಿಕನ್ ಮಹಾಸಭೆಯ ಬೋಧನೆ. ಕಾಣಿಕೆಗಳ ಸಮಯದಲ್ಲಿ ಗುರುವು ಪಾತ್ರೆಯಲ್ಲಿರುವ ದ್ರಾಕ್ಷಾರಸಕ್ಕೆ ಸ್ವಲ್ಪ ನೀರು ಬೆರೆಸುವುದನ್ನು ನೀವು ಗಮನಿಸಿರಬಹುದು. ಹಿಂದಿನ ಸಾಲುಗಳಿಗೆ ಅದು ಕಾಣಿಸದು. ಒಂದು ಹನಿ ಮಾತ್ರ. ದ್ರಾಕ್ಷಾರಸದಲ್ಲಿ ಬೆರೆತ ಆ ನೀರನ್ನು ಮತ್ತೆ ಬೇರ್ಪಡಿಸಲಾಗದು. ನಮ್ಮ ಆರು ದಿನಗಳ ಬೆವರು, ಕಣ್ಣೀರು, ಬಸ್ಸಿನಲ್ಲಿ ಹೇಳಿದ ಹತ್ತು ಮಣಿ, ನಿದ್ರೆಗಣ್ಣಿನ ಪ್ರಾರ್ಥನೆ ಎಲ್ಲವೂ ಆ ಹನಿಯಲ್ಲಿವೆಯೆಂದು ಭಾವಿಸಿರಿ. ವಾರವೆಲ್ಲಾ ದೇವರೊಡನೆ ಮಾತನಾಡಿದವನಿಗೆ ಭಾನುವಾರ ತರಲು ಏನಾದರೂ ಇರುತ್ತದೆ. ಬರಿಗೈಯಲ್ಲಿ ಬಂದವನಿಗೆ ಪೂಜೆ ಉದ್ದವೆನಿಸುತ್ತದೆ. ಶನಿವಾರ ರಾತ್ರಿ ಮನೆಯಲ್ಲಿ ಒಬ್ಬರಾದರೂ ಮರುದಿನದ ಶುಭಸಂದೇಶವನ್ನು ಗಟ್ಟಿಯಾಗಿ ಓದಿರಿ; ಉಳಿದವರು ಕೇಳಲಿ. ಪ್ರಸಂಗ ಚೆನ್ನಾಗಿಲ್ಲದಿದ್ದರೂ ದೇವರ ವಾಕ್ಯ ಆಗಲೇ ನಿಮ್ಮೊಳಗೆ ಬಿದ್ದಿರುತ್ತದೆ.

ರಾತ್ರಿ ಮಲಗುವ ಮುನ್ನ ಆತ್ಮಶೋಧನೆಗೆ ಐದು ನಿಮಿಷ ಕೊಡಿರಿ. ಲೊಯೊಲದ ಸಂತ ಇಗ್ನಾಸಿಯವರು ಇದಕ್ಕೆ ಐದು ಮೆಟ್ಟಿಲುಗಳನ್ನು ತೋರಿಸಿದರು. ಮೊದಲು ಇಂದು ಪಡೆದ ಒಳಿತಿಗಾಗಿ ಕೃತಜ್ಞತೆ, ಅನಂತರ ನನ್ನನ್ನು ನಾನು ಕಾಣಲು ಬೆಳಕಿಗಾಗಿ ಬೇಡಿಕೆ, ಆಮೇಲೆ ಬೆಳಗಿನಿಂದ ರಾತ್ರಿಯವರೆಗೆ ದಿನವನ್ನು ತಿರುಗಿ ನೋಡುವುದು, ತಪ್ಪಿಗೆ ಕ್ಷಮಾಯಾಚನೆ, ಕೊನೆಗೆ ನಾಳೆಗಾಗಿ ಒಂದು ನಿರ್ಧಾರ. ಕೃತಜ್ಞತೆಯೇ ಮೊದಲನೆಯದೆಂಬುದನ್ನು ಮರೆಯದಿರಿ. ಹೀಗೆ ದಿನದಿನವೂ ಲೆಕ್ಕ ನೋಡಿಕೊಳ್ಳುವವನಿಗೆ ಪಾಪನಿವೇದನೆಯು ವರುಷಕ್ಕೊಮ್ಮೆ ತೀರಿಸುವ ಸುಂಕವಾಗದೆ, ತಂದೆಯ ಮನೆಗೆ ಮರಳುವ ಸಂತೋಷವಾಗುತ್ತದೆ.

ದೇವರೊಡನೆ ನಮ್ಮ ಸಂಬಂಧ ಆಳವಾಗುತ್ತಿದೆಯೇ ಎಂಬುದನ್ನು ಪರೀಕ್ಷಿಸಲು ಒಂದು ಒರೆಗಲ್ಲುಂಟು. ಕಣ್ಣಿಗೆ ಕಾಣುವ ಸೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನೆಂದು ಸಂತ ಯೊವಾನ್ನರು ತಮ್ಮ ಪತ್ರದಲ್ಲಿ ಬೋಧಿಸುತ್ತಾರೆ. ಎರಡು ಅಡಿ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಈ ದೇವಾಲಯದ ಎಡಗಡೆಗೊಬ್ಬರು ಬಲಗಡೆಗೊಬ್ಬರು ಕುಳಿತು ಒಂದೇ ಪರಮಪ್ರಸಾದ ಸ್ವೀಕರಿಸುವುದನ್ನು ನಾನು ಬಲಿಪೀಠದಿಂದ ಕಾಣುತ್ತೇನೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸೋದರನೊಡನೆ ರಾಜಿಯಾಗಲು ಪ್ರಭು ಆಜ್ಞಾಪಿಸಿದ್ದಾರೆ. ಶತಮಾನೋತ್ಸವದ ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದೇವೆ. ಆ ಕಲ್ಲನ್ನು ನೆಡುವ ಮುನ್ನ ಎರಡು ಮನೆಗಳ ನಡುವೆ ಮಾತು ಮರಳಿ ಆರಂಭವಾದರೆ, ದೇವರ ದೃಷ್ಟಿಯಲ್ಲಿ ಈ ಉತ್ಸವದ ಅತಿ ದೊಡ್ಡ ಕಾಣಿಕೆ ಅದೇ ಆಗುವುದು.

ಗುರುವಿಲ್ಲದ ಇನ್ನೂರು ವರುಷಗಳು

ಕೊನೆಯದಾಗಿ ಚರಿತ್ರೆಯ ಒಂದು ಘಟನೆ. ಜಪಾನ್ ದೇಶದಲ್ಲಿ 1614ರಿಂದ ಕ್ರೈಸ್ತ ಧರ್ಮ ಸಂಪೂರ್ಣವಾಗಿ ನಿಷಿದ್ಧವಾಯಿತು. ದೇವಾಲಯಗಳನ್ನು ಕೆಡವಲಾಯಿತು, ಉಳಿದಿದ್ದ ಗುರುಗಳಲ್ಲಿ ಕೊನೆಯವರು 1644ರಲ್ಲಿ ಹುತಾತ್ಮರಾದರು. ಅನಂತರ ಇನ್ನೂರು ವರುಷಗಳಿಗೂ ಮಿಗಿಲಾಗಿ ಅಲ್ಲಿ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಗುರುವಿಲ್ಲ. ನಾಗಾಸಾಕಿಯ ಸುತ್ತಮುತ್ತಲಿನ ರೈತರೂ ಬೆಸ್ತರೂ ಗುಟ್ಟಾಗಿ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟರು. ಹಬ್ಬಗಳ ದಿನಗಳನ್ನು ಲೆಕ್ಕವಿಡಲು ತಮ್ಮಲ್ಲೇ ಒಬ್ಬನನ್ನು ನೇಮಿಸಿಕೊಂಡರು. ಪಶ್ಚಾತ್ತಾಪದ ಪ್ರಾರ್ಥನೆಯನ್ನು ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬಾಯಿಂದ ಬಾಯಿಗೆ ದಾಟಿಸಿದರು.

1865ರ ಮಾರ್ಚ್ 17ರಂದು, ನಾಗಾಸಾಕಿಯ ಔರಾ ಎಂಬಲ್ಲಿ ಪರದೇಶೀಯರಿಗಾಗಿ ಹೊಸದಾಗಿ ಕಟ್ಟಿದ್ದ ದೇವಾಲಯಕ್ಕೆ ಉರಕಾಮಿ ಹಳ್ಳಿಯ ಕೆಲವರು ಬಂದರು. ಅಲ್ಲಿದ್ದ ಪೆತಿಜಾನ್ ಎಂಬ ಫ್ರೆಂಚ್ ಗುರುಗಳ ಬಳಿ ಒಬ್ಬ ಸ್ತ್ರೀ ಮೆಲ್ಲನೆ ಬಂದು, ತಮ್ಮೆಲ್ಲರ ಹೃದಯವೂ ಅವರ ಹೃದಯದಂತೆಯೇ ಎಂದು ತಿಳಿಸಿ, ದೇವಮಾತೆಯ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಏಳು ತಲೆಮಾರುಗಳ ಮೌನ ಅಂದು ಮುರಿಯಿತು. ಆ ಪೆತಿಜಾನ್ ಗುರುಗಳು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಗೆ ಸೇರಿದವರು. 19ನೆಯ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಯ ಹಳ್ಳಿಹಳ್ಳಿಗಳಲ್ಲಿ ಎತ್ತಿನ ಗಾಡಿಯಲ್ಲಿ ಸಂಚರಿಸಿ ದೇವಾಲಯಗಳನ್ನು ಕಟ್ಟಿದ ಗುರುಗಳೂ ಅದೇ ಸಂಸ್ಥೆಯವರೇ. ಆ ದೂರದ ಮನೆಗಳ ವಿಶ್ವಾಸಕ್ಕೂ ನಮ್ಮ ವಿಶ್ವಾಸಕ್ಕೂ ಇಂತಹದೊಂದು ನಂಟಿದೆ.

ಈ ಘಟನೆ ನಮಗೂ ಅನ್ವಯವಾದ ದಿನಗಳನ್ನು ನಾವು ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ಕೊರೋನಾ ಪಿಡುಗಿನಿಂದ ದೇವಾಲಯಗಳ ಬಾಗಿಲುಗಳು ಮುಚ್ಚಿದವು. ಆ ವರುಷದ ಏಪ್ರಿಲ್ 12ರಂದು ಪಾಸ್ಕ ಹಬ್ಬದ ಬಲಿಪೂಜೆಯನ್ನು ನಾನು ಬರಿಯ ಬೆಂಚುಗಳ ಮುಂದೆ ಅರ್ಪಿಸಿದೆ. ಆಗ ಮನೆಗಳಲ್ಲಿ ಏನು ನಡೆಯಿತು? ಕೆಲವು ಮನೆಗಳಲ್ಲಿ ಹಿಂದೆಂದೂ ಇಲ್ಲದಂತೆ ತಂದೆತಾಯಿ ಮಕ್ಕಳು ಕೂಡಿ ಪ್ರಾರ್ಥಿಸಿದರು. ಮತ್ತೆ ಕೆಲವು ಮನೆಗಳಲ್ಲಿ ದೇವಾಲಯದ ಬಾಗಿಲು ಮುಚ್ಚಿದೊಡನೆ ದೇವರ ಹೆಸರೂ ಮುಚ್ಚಿತು. ಕುಟುಂಬವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯು ಗೃಹ ಧರ್ಮಸಭೆಯೆಂದು ಕರೆದುದರ ಅರ್ಥ ನಮಗೆ ಆ ತಿಂಗಳುಗಳಲ್ಲಿ ತಿಳಿಯಿತು. ಕಲ್ಲಿನ ದೇವಾಲಯಕ್ಕೆ ಅಡಿಪಾಯ ಮನ್ನಣೆಯ ಮಾತುಗಳಲ್ಲಿಲ್ಲ. ರಾತ್ರಿ ಮಲಗುವ ಮುನ್ನ ಮೊಮ್ಮಗನ ಹಣೆಗೆ ಶಿಲುಬೆಯ ಗುರುತು ಹಾಕುವ ಅಜ್ಜಿಯ ಬೆರಳಲ್ಲಿದೆ.

ಆದುದರಿಂದ ಈ ಧ್ಯಾನಕೂಟದಿಂದ ಹೊರಡುವಾಗ ಹತ್ತಾರು ವ್ರತಗಳನ್ನು ಹೊತ್ತು ಹೋಗಬೇಡಿರಿ. ಅವು ಹಬ್ಬ ಮುಗಿಯುವುದರೊಳಗೆ ಬಿದ್ದುಹೋಗುತ್ತವೆ. ಮೂರನ್ನು ಮಾತ್ರ ಕೇಳುತ್ತೇನೆ. ಬೆಳಗ್ಗೆ ದಿನವನ್ನು ದೇವರಿಗೆ ಒಪ್ಪಿಸಿರಿ. ರಾತ್ರಿ ಐದು ನಿಮಿಷ ಆ ದಿನವನ್ನು ಅವರೊಡನೆ ತಿರುಗಿ ನೋಡಿರಿ. ವಾರಕ್ಕೊಮ್ಮೆಯಾದರೂ, ಮನೆಯಲ್ಲಿ ಇರುವಷ್ಟು ಮಂದಿ, ಇರುವಷ್ಟು ಹೊತ್ತು, ಒಂದು ದೀಪದ ಮುಂದೆ ಕೂಡಿ ಪ್ರಾರ್ಥಿಸಿರಿ. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಆರಂಭಿಸಿರಿ.

ಇನ್ನೊಂದು ನೂರು ವರುಷ ಕಳೆದಾಗ ಇಲ್ಲಿ ನಿಂತು ಮಾತನಾಡುವ ಗುರು ಯಾರೋ, ಕೇಳುವ ಜನರು ಯಾರೋ, ನಮಗೆ ತಿಳಿಯದು. ಅಂದು ಅವರ ತುಟಿಗಳಲ್ಲಿ ಪ್ರಾರ್ಥನೆಯಿದ್ದರೆ ಅದು ಇಂದಿನ ನಿಮ್ಮ ಮನೆಗಳಿಂದ ಅವರಿಗೆ ದಾಟಿ ಬಂದುದಾಗಿರುತ್ತದೆ. ನಜರೇತಿನ ಮನೆಯಲ್ಲಿ ಮೂವತ್ತು ವರುಷ ಸದ್ದಿಲ್ಲದೆ ದೇವರೊಡನೆ ಬಾಳಿದ ಪವಿತ್ರ ಕುಟುಂಬವು ನಮ್ಮ ಕುಟುಂಬಗಳಿಗಾಗಿ ಬೇಡಿಕೊಳ್ಳಲಿ. ಸರ್ವಶಕ್ತರಾದ ದೇವರು, ಪಿತನೂ ಸುತನೂ ಪವಿತ್ರಾತ್ಮರೂ ನಿಮ್ಮೆಲ್ಲರನ್ನೂ ನಿಮ್ಮ ಮನೆಗಳನ್ನೂ ಆಶೀರ್ವದಿಸಲಿ. ಆಮೆನ್.